ಸನ್ನತಿಗೆ ಹೊರಡುವವರು ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿ 9ಕ್ಕೆ ಹುಬ್ಬಳ್ಳಿಯ ಹೊಸೂರು ಬಸ್ ನಿಲ್ದಾಣದ ಹತ್ತಿರ ಸೇರೋಣ. ಧಾರವಾಡದವರು 8ಕ್ಕೇ ಜುಬಿಲಿ ಸರ್ಕಲ್‌ನಲ್ಲಿ ಗಾಡಿ ಹತ್ತಿ.

ಸನ್ನತಿ ಇರುವುದು ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿ ದಂಡೆಗೆ. ಮೊದಲು ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪ. ಅಲ್ಲಿ ಸಿಕ್ಕ ಶಿಲ್ಪವೊಂದರಲ್ಲಿ ಅಶೋಕ ರಾಣಿಯ ಜೊತೆ ನಿಂತಿದ್ದಾನೆ. ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಅಂತ ಹೆಸರೂ ಕೊರೆದಿದೆ! ನಮ್ಮ ನೆಲದಲ್ಲೇ ಇಂಥದ್ದು ಸಿಕ್ಕಿದೆ, ನೋಡಲೇಬೇಕು ಅಲ್ವಾ? ಆಮೇಲೆ ಚಂದ್ರಲಾಂಬ ಗುಡಿ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸಿದಾಗ, ಮೂರ್ತಿಯ ಪೀಠದ ಕಲ್ಲಿನಲ್ಲೇ ಅಶೋಕನ ಶಾಸನ ಕಂಡಿತು.

ಬಿಸಿಲು ಜಾಸ್ತಿ. ಟೋಪಿ, ನೀರು, ರೊಟ್ಟಿ ಬುತ್ತಿ ತನ್ನಿ. ದಯವಿಟ್ಟು ಫೋಟೋಕ್ಕಾಗಿ ಕಲ್ಲುಗಳ ಮೇಲೆ ಹತ್ತಬೇಡಿ, ಮಕ್ಕಳಿಗೂ ಹೇಳಿ. ಬರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ.