ಕಿರುಚಿದರೆ ಆಟ ಬರುತ್ತಾ?

ಸಂಪಾದಕರೇ,

ಯಾವುದೇ ತಂಡ ಸೋತ ಮರುದಿನ ಕ್ರೀಡಾಪುಟದಲ್ಲಿ ‘ಆಟಗಾರರಲ್ಲಿ ಕಿಚ್ಚೇ ಇರಲಿಲ್ಲ’ ಅಂತ ಒಂದು ಸಾಲು ಇದ್ದೇ ಇರುತ್ತದೆ. ಓದಿದಾಗಲೆಲ್ಲ ನನಗೆ ರೇಗುತ್ತದೆ. ಕಿಚ್ಚಿಲ್ಲದೆ ಸೋತವರಿಗಿಂತ, ಕಿಚ್ಚು ಜಾಸ್ತಿಯಾಗಿ ಕೊನೆಯ ಹತ್ತು ನಿಮಿಷ ತಲೆಯೇ ಓಡದೆ ಸೋತವರನ್ನು ನಾನು ಹೆಚ್ಚು ನೋಡಿದ್ದೇನೆ.

ನಾನು ಫುಟ್‌ಬಾಲ್ ಆಡುತ್ತಿದ್ದಾಗ ನಮ್ಮ ಕೋಚ್ ಗೆರೆಯ ಆಚೆ ನಿಂತು ಆಟ ಮುಗಿಯುವ ತನಕ ಕೂಗುತ್ತಿದ್ದರು. ‘ಜೀವ ಇಲ್ವೇನ್ರೋ ನಿಮಗೆ?’ ಜೀವ ಇತ್ತು, ಏನು ಮಾಡಬೇಕು ಅನ್ನುವುದು ಗೊತ್ತಿರಲಿಲ್ಲ, ಅಷ್ಟೇ. ಚೆಂಡು ಸಿಕ್ಕರೆ ಮೊದಲು ಅವರ ಮುಖ ನೋಡುತ್ತಿದ್ದೆ, ಆಮೇಲೆ ಜೊತೆಗಾರರು ಎಲ್ಲಿದ್ದಾರೆ ಅಂತ ಹುಡುಕುತ್ತಿದ್ದೆ, ಅಷ್ಟರಲ್ಲಿ ಚೆಂಡು ಎದುರಾಳಿಯ ಕಾಲಲ್ಲಿ ಇರುತ್ತಿತ್ತು.

ಅಮೆರಿಕದ ಬಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್ ಯುಸಿಎಲ್‌ಎ ಅನ್ನುವ ವಿಶ್ವವಿದ್ಯಾಲಯದ ತಂಡಕ್ಕೆ 12 ವರ್ಷಗಳಲ್ಲಿ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟವರು. 1974-75ರಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಅವರ ಪ್ರಾಕ್ಟೀಸ್ ನೋಡುತ್ತಾ ಕೂತು, ಅವರ ಬಾಯಿಂದ ಏನೇನು ಬರುತ್ತದೆ ಅಂತ ಲೆಕ್ಕ ಇಟ್ಟರು. ಸುಮಾರು ಮುಕ್ಕಾಲು ಪಾಲು ಬರೀ ಪಾಠ. ಹೀಗೆ ತಿರುಗು, ಹೀಗೆ ಬೇಡ, ಚೆಂಡನ್ನು ಹೀಗೆ ದಾಟಿಸು. ಹೊಗಳಿಕೆ ನೂರಕ್ಕೆ ಏಳರಷ್ಟು, ಬರೀ ಬೈಗುಳವೂ ಹೆಚ್ಚುಕಮ್ಮಿ ಅಷ್ಟೇ. ಕಾಲಲ್ಲಿ ಬೊಬ್ಬೆ ಏಳಬಾರದು ಅಂತ ಕಾಲುಚೀಲ ಹಾಕುವುದನ್ನೂ ಈ ಮನುಷ್ಯ ಹೇಳಿಕೊಡುತ್ತಿದ್ದರು! ಮಾಡಬೇಕಾದ್ದು ಇಷ್ಟು ಸ್ಪಷ್ಟವಾಗಿದ್ದರೆ ಆಟಗಾರ ತಾನಾಗಿಯೇ ಮೈಮುರಿದು ಆಡುತ್ತಾನೆ, ಅಲ್ವಾ?

ಇನ್ನು ತಾಳ್ಮೆಯ ವಿಷಯ. 2007ರ ರಗ್ಬಿ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ನ್ಯೂಜಿಲೆಂಡ್ 18-20ರಿಂದ ಫ್ರಾನ್ಸ್‌ಗೆ ಸೋತಿತು. ಕೋಚ್ ಗ್ರಹಾಂ ಹೆನ್ರಿ ಅವರನ್ನು ಕಿತ್ತುಹಾಕಲಿಲ್ಲ, ಅವರೂ ಹುಡುಗರನ್ನು ಬೈದು ಸುಮ್ಮನಾಗಲಿಲ್ಲ. ಒತ್ತಡದಲ್ಲಿ ತಲೆ ಬಿಸಿಯಾದರೆ ಮತ್ತೆ ಆಟಕ್ಕೆ ಮರಳುವುದು ಹೇಗೆ ಅನ್ನುವುದನ್ನೇ ತಂಡ ಕಲಿಯಿತು. ನಾಯಕ ರಿಚಿ ಮೆಕಾ ನೆಲಕ್ಕೆ ಕಾಲು ಅಪ್ಪಳಿಸುತ್ತಿದ್ದರು, ಕೀರನ್ ರೀಡ್ ಕ್ರೀಡಾಂಗಣದ ತೀರಾ ದೂರದ ಮೂಲೆ ನೋಡುತ್ತಿದ್ದರು. ಕೇಳಿದರೆ ನಗು ಬರಬಹುದು. 2011ರ ಫೈನಲ್‌ನಲ್ಲಿ ಮತ್ತೆ ಅದೇ ಫ್ರಾನ್ಸ್ ಎದುರು, 8-7ರಲ್ಲಿ, ಒಂದೇ ಒಂದು ಅಂಕ ಹಿಡಿದುಕೊಂಡು ಅವರು ಗೆದ್ದರು.

ಕೂಗಲೇಬಾರದು ಅಂತ ನಾನು ಹೇಳುತ್ತಿಲ್ಲ. ಸೋಮಾರಿಗೆ ಒಂದು ಗದರಿಕೆ ಬೇಕೇ ಬೇಕು. (ಗೆರೆಯ ಆಚೆ ನಿಂತು ಕೂಗುವ ಅಪ್ಪ-ಅಮ್ಮಂದಿರ ಬಗ್ಗೆ ಬರೆದರೆ ಇನ್ನೊಂದು ಪತ್ರವೇ ಆದೀತು.) ಆದರೆ ದಣಿದ ಮೇಲೆ ಪೆನಾಲ್ಟಿ ಹೊಡೆಸುವುದು, ಒಂದು ಗೋಲ್ ಹಿಂದೆ ಇದ್ದೀರಿ, ಮೂರೇ ನಿಮಿಷ ಉಳಿದಿದೆ ಅಂತ ಗಡಿಯಾರ ಇಟ್ಟು ಆಡಿಸುವುದು, ಇದೆಲ್ಲ ಪ್ರಾಕ್ಟೀಸ್‌ನಲ್ಲೇ ಆಗಿದ್ದರೆ ಪಂದ್ಯದ ದಿನ ಕೋಚ್ ಬೆಂಚಿನಲ್ಲಿ ಕೈಕಟ್ಟಿ ಕೂರಬಹುದು. ಅವರು ಕೂತಿದ್ದು ಕಂಡರೆ ಹುಡುಗರಿಗೂ ಅರ್ಧ ಗಾಬರಿ ಇಳಿಯುತ್ತದೆ.

ನಿಮ್ಮ ವರದಿಗಾರರಿಗೆ ಒಂದು ಮಾತು. ‘ಹಾಫ್ ಟೈಮ್‌ನಲ್ಲಿ ಹುಡುಗರಿಗೆ ಏನು ಹೇಳಿದಿರಿ?’ ಅಂತ ಕೇಳುವುದನ್ನು ಸ್ವಲ್ಪ ಬಿಟ್ಟು, ಆ ವಾರ ಏನು ಪ್ರಾಕ್ಟೀಸ್ ಮಾಡಿಸಿದಿರಿ ಅಂತ ಕೇಳಿ ನೋಡಿ.

— ಒಬ್ಬ ಹಳೆಯ ಆಟಗಾರ