ಉಂಗುರದ ಬೆರಳಿಗೂ ಕೆಲಸ ಬಂತು

ಪ್ರಿಯ ಗೆಳೆಯ,

ಹೋದ ಸಲ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಬಾಸ್ ಗಿಟಾರ್ ವಾದಕ ಜೇಮ್ಸ್ ಜೇಮರ್ಸನ್ ಒಂದೇ ಬೆರಳಿನಲ್ಲಿ ಅಷ್ಟೆಲ್ಲ ನುಡಿಸಿದ, ನಿನಗೆ ಎರಡಿವೆ, ಮೂರನೆಯದು ಯಾಕೆ?" ಎಂದಿದ್ದೆ. ಐದು ತಿಂಗಳಿಂದ ಬೆಳಗಿನ ಮುಕ್ಕಾಲು ಗಂಟೆಯನ್ನು ನನ್ನ ಬಾಸ್ ಗಿಟಾರ್ ಮೀಟುವ ಬಲಗೈಯ ಆ ಮೂರನೆಯ ಬೆರಳಿಗೇ, ಉಂಗುರದ ಬೆರಳಿಗೇ ಕೊಟ್ಟಿದ್ದೇನೆ. ಹಾಗಾಗಿ ಉತ್ತರ ಉದ್ದವಾಗುತ್ತದೆ, ಬಿಡುವು ಮಾಡಿಕೊಂಡು ಓದು.

ಜೇಮರ್ಸನ್ ವಿಷಯದಲ್ಲಿ ನೀನು ಹೇಳಿದ್ದು ನಿಜ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ದುಡಿದದ್ದು ಅವನ ಬಲಗೈಯ ತೋರುಬೆರಳು. ಆ ಬೆರಳಿಗೆ 'ಕೊಕ್ಕೆ' ಎಂದೇ ಹೆಸರು ಬಿದ್ದಿತ್ತು. ಅವನು ಡಬಲ್ ಬಾಸ್‌ನಿಂದ ಬಂದವನು. ಆ ದೊಡ್ಡ ವಾದ್ಯದ ದಪ್ಪ ತಂತಿಯನ್ನು ಎಳೆದು ಪಳಗಿದ ಬೆರಳನ್ನೇ ತನ್ನ 1962ರ ಪ್ರಿಸಿಷನ್ ಬಾಸ್ ಎಂಬ ಬಾಸ್ ಗಿಟಾರಿನ ಮೇಲೂ ಇಟ್ಟ. ಆ ನಾದ ಅವನದು, ಅದಕ್ಕೆ ನನ್ನ ನಮಸ್ಕಾರ. ಆದರೆ ಬಾಸ್ ಗಿಟಾರಿಗೆ 'ಇದೇ ಸರಿಯಾದ ಕೈ' ಎಂಬುದು ಮೊದಲಿನಿಂದಲೂ ಇರಲಿಲ್ಲ. 1951ರಲ್ಲಿ ಗಿಟಾರ್ ತಯಾರಕ ಲಿಯೋ ಫೆಂಡರ್ ಪ್ರಿಸಿಷನ್ ಬಾಸನ್ನು ಹೊರತಂದಾಗ, ತಂತಿಗಳ ಕೆಳಬದಿಯಲ್ಲಿ ಒಂದು ಚಿಕ್ಕ ಪಟ್ಟಿಯನ್ನು ಕೂರಿಸಿದ್ದ. ಬೆರಳುಗಳು ಅದನ್ನು ಹಿಡಿದುಕೊಂಡಿರಲಿ, ಹೆಬ್ಬೆರಳು ತಂತಿ ಮೀಟಲಿ ಎಂಬ ಲೆಕ್ಕ. ನುಡಿಸುವವರು ಆ ಪಟ್ಟಿಯನ್ನು ಬಿಟ್ಟು ತಮಗೆ ಒಗ್ಗಿದ ಬೆರಳನ್ನು ಹುಡುಕಿಕೊಂಡರು. ನಿನ್ನ ವೀಣೆಗೆ ಇರುವಂತೆ, ತಲೆಮಾರುಗಳು ತಿದ್ದಿ ತೀಡಿದ ಬಾನಿ ಇದಕ್ಕಿಲ್ಲ. ಎಪ್ಪತ್ತೈದು ವರ್ಷದ ವಾದ್ಯ ಇದು, ಕೈಗಳು ಇನ್ನೂ ದಾರಿ ಹುಡುಕುತ್ತಲೇ ಇವೆ.

ನನಗೆ ಈ ಹುಡುಕಾಟ ಶುರುವಾದದ್ದು ಹೋದ ವರ್ಷದ ಗಣೇಶನ ಹಬ್ಬದ ರಸಮಂಜರಿಯಲ್ಲಿ. ಕೊನೆಗೆ ಕುಣಿತದ ಹಾಡುಗಳನ್ನು ಒಂದರ ಬಾಲಕ್ಕೊಂದು ಕಟ್ಟಿ ಹತ್ತು ನಿಮಿಷ ನುಡಿಸುತ್ತೇವಲ್ಲ, ಅದರ ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಮುಂಗೈ ಕಲ್ಲಾಯಿತು. ಬೆರಳು ಎಳೆಯುತ್ತಿದೆ, ಸ್ವರ ಬರುತ್ತಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ನಿಮಿಷಕ್ಕೆ 120 ಬಡಿತ, ಬಡಿತಕ್ಕೆ ನಾಲ್ಕು ಸ್ವರ ಎಂದರೆ ಸೆಕೆಂಡಿಗೆ ಎಂಟು. ಎರಡು ಬೆರಳಿಗೆ ತಲಾ ನಾಲ್ಕು. ಮೂರು ಬೆರಳಿಗೆ ಹಂಚಿದರೆ ತಲಾ ಮೂರಕ್ಕೂ ಕಡಿಮೆ. ಬಿಲ್ಲಿ ಶೀಹನ್, ಗ್ಯಾರಿ ವಿಲಿಸ್ ಮುಂತಾದ ಬಾಸ್ ವಾದಕರು ಮೂರು ಬೆರಳಿನಲ್ಲಿ ನುಡಿಸುತ್ತಾರೆಂದು ಗೊತ್ತಿತ್ತು. ಕಾಗದದ ಮೇಲೆ ಸುಲಭವಾಗಿ ಕಂಡಿತು.

ನೀನೊಂದು ಕೆಲಸ ಮಾಡು. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡು, ನಡುಬೆರಳನ್ನು ಮಾತ್ರ ಒಳಕ್ಕೆ ಮಡಚು. ಈಗ ಒಂದೊಂದಾಗಿ ಉಳಿದ ಬೆರಳುಗಳನ್ನು ಎತ್ತಲು ನೋಡು. ಹೆಬ್ಬೆರಳು ಏಳುತ್ತದೆ, ತೋರುಬೆರಳು ಏಳುತ್ತದೆ, ಕಿರುಬೆರಳೂ ಏಳುತ್ತದೆ. ಉಂಗುರದ ಬೆರಳು ಅಂಟಿ ಕೂತುಬಿಡುತ್ತದೆ. ಕೈಯ ಹಿಂಬದಿಯಲ್ಲಿ ಬೆರಳುಗಳನ್ನು ಚಾಚುವ ಸ್ನಾಯುರಜ್ಜುಗಳ ನಡುವೆ ಅಡ್ಡ ಎಳೆಗಳಿವೆ. ಮಡಿಸುವ ಆಳದ ಸ್ನಾಯು ಕೂಡ ನಡು, ಉಂಗುರ, ಕಿರುಬೆರಳುಗಳಿಗೆ ಹೆಚ್ಚುಕಡಿಮೆ ಒಂದೇ. ನಮ್ಮ ಹಿರಿಯರು ಉಂಗುರದ ಬೆರಳನ್ನು 'ಅನಾಮಿಕಾ' ಎಂದು ಕರೆದರು, ಹೆಸರಿಲ್ಲದವಳು. ನಿನ್ನ ವೀಣೆಯಲ್ಲೂ ತೋರುಬೆರಳು, ನಡುಬೆರಳು ಮೀಟುತ್ತವೆ, ಕಿರುಬೆರಳು ತಾಳದ ತಂತಿಗಳನ್ನು ನೋಡಿಕೊಳ್ಳುತ್ತದೆ, ನಡುವೆ ಇವಳೊಬ್ಬಳು ಸುಮ್ಮನೆ. ತಾಳ ಹಾಕುವಾಗ ಎಣಿಕೆಗೆ ಬರುತ್ತಾಳೆ, ಅಷ್ಟೇ. ಅಂಥವಳನ್ನು ನಾನು ಎಬ್ಬಿಸಬೇಕಿತ್ತು.

ಕ್ರಮ ಹೀಗೆ: ಉಂಗುರ, ನಡು, ತೋರು. ಮೇಜಿನ ಮೇಲೆ ಬೆರಳು ಕುಟ್ಟುವಾಗ ಕೈ ಕಿರುಬೆರಳಿನ ಕಡೆಯಿಂದ ತೋರುಬೆರಳಿನ ಕಡೆಗೆ ತಾನಾಗಿ ಉರುಳುತ್ತದಲ್ಲ, ಅದೇ ದಿಕ್ಕು. ಮೊದಲ ತಿಂಗಳು ನಿಮಿಷಕ್ಕೆ 50 ಬಡಿತಕ್ಕಿಂತ ಮೇಲೆ ಹೋಗಲಿಲ್ಲ. ಒಂದೇ ತಂತಿ, ಒಂದೇ ಸ್ವರ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದೆ. ಯಾವ ಸ್ವರ ಯಾವ ಬೆರಳಿನದು ಎಂದು ತಪ್ಪದೆ ಹೇಳಬಹುದಿತ್ತು: ತೋರುಬೆರಳಿನದು ದುಂಡಗೆ, ನಡುಬೆರಳಿನದು ಗಟ್ಟಿ, ಉಂಗುರದ್ದು ತೆಳ್ಳಗೆ, ಕೊಂಚ ತಡವಾಗಿ. ನಡುಬೆರಳು ಉದ್ದವಾದ್ದರಿಂದ ತುದಿಗಳು ಒಂದು ಗೆರೆಯಲ್ಲಿ ತಂತಿ ಮುಟ್ಟುವುದಿಲ್ಲ. ನಡುಬೆರಳನ್ನು ಸ್ವಲ್ಪ ಹೆಚ್ಚು ಬಾಗಿಸಿ, ಮಣಿಕಟ್ಟನ್ನು ಮಡಚದೆ ನೇರ ಇಟ್ಟು, ಕೈಯನ್ನು ಕೂದಲೆಳೆಯಷ್ಟು ತಿರುಗಿಸಿ ತುದಿಗಳನ್ನು ಸಾಲಿಗೆ ತರಲು ವಾರಗಳು ಹಿಡಿದವು.

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಇನ್ನು ಬರುತ್ತದೆ. ಬೆರಳು ಮೂರು, ಬಡಿತಕ್ಕೆ ಸ್ವರ ನಾಲ್ಕು. ಮೊದಲ ಬಡಿತ ಉಂಗುರದ ಬೆರಳಿಗೆ ಬಿದ್ದರೆ ಎರಡನೆಯದು ನಡುಬೆರಳಿಗೆ, ಮೂರನೆಯದು ತೋರುಬೆರಳಿಗೆ ಬೀಳುತ್ತದೆ. ಹನ್ನೆರಡು ಸ್ವರ ಮುಗಿದ ಮೇಲೆ ಮತ್ತೆ ಉಂಗುರದ ಸರದಿ. ಬೆರಳು 'ತಕಿಟ ತಕಿಟ' ಎನ್ನುತ್ತಿದೆ, ಕಾಲು 'ತಕದಿಮಿ'ಯಲ್ಲಿದೆ. ಹದಿನೆಂಟು ವರ್ಷ ನನ್ನ ತೋರುಬೆರಳೇ ಬಡಿತಕ್ಕೆ ಒಡೆಯನಾಗಿತ್ತು. ಬಡಿತ ಬಂದಾಗಲೆಲ್ಲ ಅದೇ ಬೆರಳು, ಅದೇ ತೂಕ. ನನಗೆ ಲಯ ಗಟ್ಟಿ ಎಂದು ನೀವೆಲ್ಲ ಹೇಳುತ್ತಿದ್ದಿರಿ, ನಾನೂ ನಂಬಿದ್ದೆ. ಮೂರನೆಯ ಬೆರಳು ಸೇರಿದ ದಿನ ಬಡಿತ ನನ್ನ ಕೈಯಿಂದ ಜಾರಿಹೋಯಿತು. ಒತ್ತು ಸಿಕ್ಕಸಿಕ್ಕಲ್ಲಿ ಬೀಳತೊಡಗಿತು. ಆಗ ತಿಳಿಯಿತು, ನಾನು ಲಯವನ್ನು ಕೇಳುತ್ತಿರಲಿಲ್ಲ. ತೋರುಬೆರಳಿನ ತೂಕವನ್ನು ಒರಗಿಕೊಂಡು ನಡೆಯುತ್ತಿದ್ದೆ.

ಇದು ನನ್ನನ್ನು ಬಹಳ ಕಲಕಿತು. ಎರಡು ವಾರ ವಾದ್ಯವನ್ನು ಮಡಿಲಿಗೇ ತೆಗೆದುಕೊಳ್ಳಲಿಲ್ಲ. ಕಾಲಿನಲ್ಲಿ ಬಡಿತ ಹಾಕುತ್ತ, ಬಾಯಲ್ಲಿ 'ತಕಿಟ' ಹೇಳುತ್ತ, ತೊಡೆಯ ಮೇಲೆ ಬೆರಳಾಡಿಸಿದೆ. ಪ್ರತಿ ನಾಲ್ಕನೆಯ ಅಕ್ಷರಕ್ಕೆ ಒತ್ತು, ಅಲ್ಲಿಗೆ ಯಾವ ಬೆರಳಾದರೂ ಬರಲಿ. ಬಸ್ಸಿನಲ್ಲೂ ಅದೇ ಕೆಲಸ. ವಾದ್ಯಕ್ಕೆ ಮರಳಿದಾಗ ಬಡಿತ ಬೆರಳಿನಲ್ಲಿರಲಿಲ್ಲ, ಕಿವಿಗೆ ಬಂದಿತ್ತು. ಈಗ ಹಳೆಯ ಎರಡು ಬೆರಳಿನ ನಿಧಾನದ ಹಾಡನ್ನು ನುಡಿಸಿದರೂ ಬೇರೆಯೇ ಕೇಳಿಸುತ್ತದೆ. ವೇಗಕ್ಕಾಗಿ ಹೋದವನಿಗೆ ಹೀಗಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಬಲದ ಮಾತು ಇನ್ನೊಂದಿದೆ. ನನ್ನ ವಾದ್ಯದ ಅತಿ ದಪ್ಪ ತಂತಿಯಾದ ಇ ತಂತಿಯನ್ನು ಎಡಗೈಯಿಂದ ಒತ್ತದೆ ನುಡಿಸಿದರೆ ಸೆಕೆಂಡಿಗೆ ಸುಮಾರು 41 ಕಂಪನ. ಸೆಕೆಂಡಿಗೆ ಎಂಟು ಸ್ವರ ಎಂದಾಗ ಒಂದೊಂದು ಸ್ವರಕ್ಕೆ ಸಿಗುವುದು ಐದೇ ಐದು ಕಂಪನ! ಆ ಐದರಲ್ಲಿ ಅದು ಹುಟ್ಟಿ, ಶ್ರುತಿ ತೋರಿಸಿ, ಜಾಗ ಬಿಡಬೇಕು. ಜೋರಾಗಿ ಎಳೆದರೆ ತಂತಿಯ ಬಿಗಿ ಹೆಚ್ಚಿ ಸ್ವರ ಕ್ಷಣಕಾಲ ಮೇಲೇರುತ್ತದೆ, ತಂತಿಯಡಿಯ ಲೋಹದ ಮೆಟ್ಟಿಲಿಗೆ ಬಡಿದು ಸದ್ದೂ ಆಗುತ್ತದೆ. ಆದ್ದರಿಂದ ಬೆರಳು ಹಗುರ, ಆಂಪ್ಲಿಫೈಯರ್ ಜೋರು. ವಿಲಿಸ್ ಇದಕ್ಕಾಗಿಯೇ ತಂತಿಗಳ ಕೆಳಗೆ ಮರದ ತುಂಡೊಂದನ್ನು ಕೂರಿಸಿಕೊಂಡರು. ಬೆರಳು ಆಳಕ್ಕೆ ಇಳಿಯಲು ಹೋದರೆ ಮರ ತಡೆಯುತ್ತದೆ. ನಾನು ನಮ್ಮ ಬೀದಿಯ ಬಡಗಿಯಿಂದ ತೇಗದ ತುಂಡೊಂದನ್ನು ಅಳತೆಗೆ ಕೊರೆಸಿ ಎರಡು ಬದಿಯ ಟೇಪಿನಿಂದ ಅಂಟಿಸಿದ್ದೇನೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕಲಿಸಿದ ಗುರು ನನಗೆ ಇನ್ನೊಬ್ಬರಿಲ್ಲ.

ಹೆಬ್ಬೆರಳನ್ನು ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಮೇಲೆ ಊರುವುದನ್ನೂ ಬಿಟ್ಟೆ. ಅದೀಗ ಕೈಯೊಂದಿಗೆ ಜರುಗುತ್ತ, ನುಡಿಸದ ತಂತಿಗಳ ಮೇಲೆ ಮಲಗಿ ಅವುಗಳನ್ನು ಸುಮ್ಮನಿರಿಸುತ್ತದೆ.

ತಂತಿ ದಾಟುವುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಜಿ ತಂತಿಯನ್ನು ಮೀಟಿದ ಬೆರಳು ಹೋಗಿ ಪಕ್ಕದ ಡಿ ತಂತಿಯ ಮೇಲೆ ಒರಗುತ್ತದೆ. ಮುಂದಿನ ಸ್ವರ ಡಿ ತಂತಿಯಲ್ಲೇ ಇದ್ದರೆ, ಅಲ್ಲಿ ಆಗಲೇ ಕೂತಿರುವ ಬೆರಳೇ ಅದನ್ನೂ ಎಳೆಯುವುದು ಸಹಜ. ಆದರೆ ಸರದಿ ಬೇರೆಯವರದು. ಕ್ರಮ ಕೆಡಬಾರದು ಎಂದು ಕೆಲವರು ಹಟ ಹಿಡಿಯುತ್ತಾರೆ. ನಾನು ಕೂತವನಿಗೇ ಕೊಡುತ್ತೇನೆ, ಕ್ರಮ ಅಲ್ಲಿಂದ ಮುಂದುವರಿಯಲಿ. ನೀನು ವೀಣೆಯಲ್ಲಿ ಮೊದಲ ತಂತಿಯಾದ ಸಾರಣಿಯಿಂದ ಪಕ್ಕದ ಪಂಚಮದ ತಂತಿಗೆ ಇಳಿಯುವಾಗ ಬೆರಳಿನ ಸರದಿಯನ್ನು ಕಾಯುತ್ತೀಯಾ, ಬಿಡುತ್ತೀಯಾ? ನಿಜವಾಗಿಯೂ ತಿಳಿಯಬೇಕಾಗಿದೆ, ಮರೆಯದೆ ಬರೆ.

ಈಗ ನಿಮಿಷಕ್ಕೆ 108 ಬಡಿತದಲ್ಲಿದ್ದೇನೆ. ಹತ್ತು ನಿಮಿಷ ನುಡಿಸಿದರೂ ಮುಂಗೈ ಮೆತ್ತಗಿರುತ್ತದೆ. ಮೊನ್ನೆಯ ಧ್ವನಿಮುದ್ರಣದಲ್ಲಿ ಉಂಗುರದ ಬೆರಳು ಯಾವುದೆಂದು ಗುರುತಿಸಲು ಮೂರು ಸಲ ಕೇಳಬೇಕಾಯಿತು. ಅಂದು ಅಮ್ಮನಿಗೆ ಹೇಳಿ ಮನೆಯಲ್ಲಿ ಪಾಯಸ ಮಾಡಿಸಿದೆ.

ಡಿಸೆಂಬರಿನಲ್ಲಿ ಬರುವಾಗ ವೀಣೆ ತಾ. ನಿನ್ನ ಸಾರಣಿ ಇ ಶ್ರುತಿಯಲ್ಲೇ ಇದ್ದರೆ ನನ್ನ ದಪ್ಪ ತಂತಿಯನ್ನು ಹಾಗೆಯೇ ಬಿಡುತ್ತೇನೆ. ಬದಲಿಸಿದ್ದರೆ ಮೊದಲೇ ತಿಳಿಸು, ಶ್ರುತಿ ಸೇರಿಸಿಟ್ಟಿರುತ್ತೇನೆ.

ನಿನ್ನ ಗೆಳೆಯ