ಕಾವಲಿಯ ಮುನಿಸು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ದೋಸೆ ಏಳ್ತಾ ಇಲ್ಲ ಅಂತ ಕಬ್ಬಿಣದ ಕಾವಲಿಯನ್ನು ಗುಜರಿಗೆ ಹಾಕೋಕೆ ಹೊರಟಿದ್ದೀಯಂತೆ. ತಡಿ. ಅದು ಕೆಟ್ಟಿಲ್ಲ, ಮುನಿಸಿಕೊಂಡಿದೆ ಅಷ್ಟೆ. ಸ್ಟೀಲ್ ನಾರಿನಲ್ಲಿ ಗಸಗಸ ತಿಕ್ಕಿ, ರಾತ್ರಿಯಿಡೀ ನೀರಲ್ಲಿ ನೆನೆಹಾಕಿರ್ತೀಯ. ಸಾಲದ್ದಕ್ಕೆ ಅದರಲ್ಲೇ ಚಪಾತಿನೂ ಬೇಯಿಸಿರ್ತೀಯ. ದೋಸೆ ಕಾವಲಿಗೆ ಇದು ಸುತರಾಂ ಹಿಡಿಸಲ್ಲ.

ಈಗ ಸಮಾಧಾನ ಮಾಡು. ತುಕ್ಕು ತೆಗೆದು, ಒರೆಸಿ, ಸಣ್ಣ ಉರಿಯಲ್ಲಿ ಕಾಯಿಸು. ನಾಲ್ಕು ಹನಿ ಎಣ್ಣೆ ಬಿಟ್ಟು ಅರ್ಧ ಹೋಳು ಈರುಳ್ಳಿಯಿಂದ ಅಂಚಿನವರೆಗೂ ಉಜ್ಜು. ಹೊಗೆಯಾಡಿದ ಮೇಲೆ ಇಳಿಸು, ಆರಲಿ, ಮತ್ತೆ ಕಾಯಿಸು. ಕಾದ ಎಣ್ಣೆ ಕಬ್ಬಿಣಕ್ಕೆ ಅಂಟಿ ಗಟ್ಟಿಯಾಗಿ ಕಪ್ಪು ಪದರ ಕಟ್ಟುತ್ತೆ. ದೋಸೆ ಏಳೋದು ಅದರ ದಯೆಯಿಂದ. ಕೆಮಿಸ್ಟ್ರಿ ಓದಿದವಳು ನೀನು, ನಿನಗೆ ಗೊತ್ತಿರೋದೇ. ಆದರೂ ಮುನಿಸು ಅನ್ನೋದೇ ನನಗೆ ವಾಸಿ. ಪದರ ಹೋಯಿತು ಅಂದರೆ ಹೊಸದು ಕೊಂಡುಬಿಡ್ತೀಯ, ಮುನಿಸು ಅಂದರೆ ಎರಡು ದಿನ ಕಾಯ್ತೀಯ.

ಸಾಮಾನುಗಳ ಹತ್ತಿರ ಮಾತಾಡ್ತೀನಿ ಅಂತ ನೀವೆಲ್ಲ ನಗ್ತೀರಿ. ನಿನ್ನ ನಾಮಕರಣದಲ್ಲಿ ತೊಟ್ಟಿಲಿಗೆ ಮೊದಲು ಹತ್ತಿದ್ದು ಯಾರು, ಗೊತ್ತಾ? ಒರಳಿನ ಗುಂಡುಕಲ್ಲು. ಅದಕ್ಕೆ ನೀರು ಹಾಕಿ, ಕಾಡಿಗೆ ಇಟ್ಟು, ಬಟ್ಟೆ ಸುತ್ತಿ ಮಲಗಿಸಿ ತೂಗಿದ ಮೇಲೇ ನಿನ್ನ ಸರದಿ. ಆ ಲೆಕ್ಕದಲ್ಲಿ ಅದು ನಿನಗೆ ಅಣ್ಣ. ಗ್ರೈಂಡರ್ ಬಂದ ಮೇಲೆ ಹಿತ್ತಿಲಲ್ಲಿ ಪೆನ್ಷನ್ ತಗೊಂಡವರ ಹಾಗೆ ಬಿಸಿಲು ಕಾಯಿಸ್ತಾ ಕೂತಿದೆ. ಆಯುಧಪೂಜೆಗೆ ಮಾತ್ರ ಅದಕ್ಕೂ, ಈಳಿಗೆಮಣೆಗೂ, ಮಿಕ್ಸಿಗೂ ಅರಿಶಿನ ಕುಂಕುಮ. ನಮ್ಮನೇಲಿ ಪೂಜೆಗಿಟ್ಟವರಿಗೆ ಅವತ್ತು ಕೆಲಸ ಹೇಳೋ ಹಾಗಿಲ್ಲ. ಭಾನುವಾರವೂ ದುಡಿಯೋರು, ವರ್ಷಕ್ಕೊಂದು ರಜೆ ಬೇಡ್ವಾ?

ಹಾಗಂತ ಎಲ್ಲವನ್ನೂ ಗುಡ್ಡೆ ಹಾಕಿಕೋ ಅಂತಲ್ಲ. ಪದರ ಎದ್ದಿರೋ ನಾನ್‌ಸ್ಟಿಕ್ ಇದ್ದರೆ ಧಾರಾಳವಾಗಿ ಕಳಿಸಿಕೊಡು, ಅದರ ಆಯುಸ್ಸೇ ಅಷ್ಟು. ಆದರೆ ಅಟ್ಟದ ಮೇಲಿರೋ ನಿಮ್ಮಜ್ಜಿಯ ಹಿತ್ತಾಳೆ ಪಾತ್ರೆಯನ್ನು ಮಾರಬೇಡ. ಕಲಾಯಿ ಹೋಗಿದೆ, ಹಾಗೇ ಅದರಲ್ಲಿ ಹುಣಸೆಹುಳಿ ಕುದಿಸಿದರೆ ಕಿಲುಬು ಏಳುತ್ತೆ. ದಸರಾಕ್ಕೆ ಬರುವಾಗ ತಾ. ನಮ್ಮ ಸಂತೆಗೆ ಕಲಾಯಿಯವನು ಈಗಲೂ ಬರ್ತಾನೆ. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸೋಕಿಸಿ ಹತ್ತಿಯಲ್ಲಿ ಒರೆಸ್ತಿದ್ದ ಹಾಗೇ ಒಳಗೆಲ್ಲ ಬೆಳ್ಳಗೆ ಹರಡುತ್ತೆ. ಆ ಹೊಗೆಗೆ ಮೂಗು ಒಡ್ಡಬೇಡ, ದೂರ ನಿಂತು ನೋಡು.

ಬಸ್ಸಿನಲ್ಲಿ ಪಾತ್ರೆಯನ್ನು ಡಿಕ್ಕಿಗೆ ಹಾಕಬೇಡ, ನೆಗ್ಗುತ್ತೆ. ತೊಡೆ ಮೇಲೇ ಇಟ್ಟುಕೊಂಡು ಬಾ.

ಇಂತಿ,
ನಿನ್ನ ದೊಡ್ಡಮ್ಮ